ಮುಧೋಳ ಮರಿಯ ಆರನೆಯ ವಾರ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೊಲಮನೆಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದ ಮುಧೋಳ ನಾಯಿಯ ಕುರಿತ ಹೆಚ್ಚಿನ ಬರಹಗಳು ಅದರ ಓಟದ ವೇಗ, ಅರಸರ ಪೋಷಣೆ ಮತ್ತು ಸೇನೆಯ ಸೇವೆಗಳನ್ನು ಹೇಳಿ ಅಲ್ಲಿಗೇ ನಿಲ್ಲುತ್ತವೆ. ಆ ಓಟಕ್ಕೆ ಆಧಾರವಾದ ಶ್ವಾಸಕೋಶವನ್ನು ಕೆಡಿಸುವ ಸಾಂಕ್ರಾಮಿಕ ರೋಗಗಳ ವಿಚಾರವಾಗಲಿ, ಅವುಗಳನ್ನು ತಡೆಯುವ ಲಸಿಕೆಯ ವಿಚಾರವಾಗಲಿ ಅಲ್ಲಿ ಬರುವುದು ಅಪರೂಪ. ಮುಧೋಳ ನಾಯಿ ವಾಸನೆಯ ಜಾಡು ಹಿಡಿದು ಸಾಗುವ ತಳಿಯಲ್ಲ, ದೂರದ ಚಲನೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ತಳಿ. ಉದ್ದವಾದ ಕಾಲು, ಒಳಸರಿದ ಹೊಟ್ಟೆ, ಆಳವಾದ ಎದೆಗೂಡು, ಕೊಬ್ಬು ತೀರ ಕಡಿಮೆಯಿರುವ ಮೈ, ಇವೆಲ್ಲವೂ ಅಲ್ಪಕಾಲದ ತೀವ್ರ ಓಟಕ್ಕೆ ಬೇಕಾದ ಆಮ್ಲಜನಕವನ್ನು ಒಮ್ಮೆಗೇ ಹೀರಿ ಸ್ನಾಯುಗಳಿಗೆ ತಲುಪಿಸುವುದಕ್ಕೆಂದೇ ರೂಪುಗೊಂಡವು. ಬೇರೆ ಜಾತಿಯ ನಾಯಿ ಒಮ್ಮೆ ನ್ಯುಮೋನಿಯಾ ಬಂದು ವಾಸಿಯಾದರೆ ಅಂಗಳ ಕಾಯುತ್ತ ಬದುಕಬಹುದು. ಮುಧೋಳ ನಾಯಿಯ ಶ್ವಾಸಕೋಶ ಗಾಯಗೊಂಡರೆ ಅದು ಯಾವ ಕೆಲಸಕ್ಕೆ ಹೆಸರಾಗಿದೆಯೋ ಆ ಕೆಲಸವೇ ಅದರ ಕೈತಪ್ಪುತ್ತದೆ.

ಈ ತಳಿಯ ಇತಿಹಾಸ ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದೊಂದಿಗೆ ಹೆಣೆದುಕೊಂಡಿದೆ. ಸುತ್ತಲಿನ ಬೇಡ ಸಮುದಾಯದವರು ಬೇಟೆಗೆ ಬಳಸುತ್ತಿದ್ದ ನಾಯಿಗಳ ಗುಣವನ್ನು ಗಮನಿಸಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಯ್ದ ಜೋಡಿಗಳಿಂದ ತಳಿಯನ್ನು ಬೆಳೆಸಿದರು ಮತ್ತು ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದ ಮೇಲೆ ನಾಯಿಯ ಕೆಲಸ ಬದಲಾಗಿ, ಅದು ಕಬ್ಬಿನ ಹೊಲ, ಪಂಪ್‌ಸೆಟ್ಟು, ಕುರಿಹಟ್ಟಿಗಳ ಕಾವಲಿಗೆ ನಿಂತಿತು. ಮುಂದೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಆರಂಭವಾಯಿತು. 2005ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳವೂ ಇತ್ತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ನ ರಿಮೌಂಟ್ ಮತ್ತು ವೆಟರ್ನರಿ ದಳದ ಕೇಂದ್ರವನ್ನು ಸೇರಿದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಈ ತಳಿಯ ಹೆಸರು ಹೇಳಿದರು.

ಖ್ಯಾತಿ ಬಂದಲ್ಲಿಗೆ ಬೇಡಿಕೆಯೂ ಬಂತು. ಇಂದು ಮುಧೋಳ ಸೀಮೆಯ ಅನೇಕ ರೈತ ಕುಟುಂಬಗಳಿಗೆ ಒಂದು ಹೆಣ್ಣುನಾಯಿಯ ಸೂಲು ಎಮ್ಮೆಯ ಹಾಲಿನಂತೆಯೇ ಒಂದು ಆದಾಯವಾಗಿದ್ದು, ಮರಿಗಳು ಪುಣೆ, ಹೈದರಾಬಾದ್, ಬೆಂಗಳೂರಿನವರೆಗೂ ಹೋಗುತ್ತವೆ. ಮರಿ ತಾಯಿಹಾಲು ಬಿಡಿಸಿಕೊಳ್ಳುವುದು ಆರನೆಯ ವಾರದ ಸುಮಾರಿಗೆ. ಅಲ್ಲಿಂದ ಮುಂದೆ ಅದನ್ನು ಸಾಕುವ ಖರ್ಚು ಮಾಲೀಕನ ಮೇಲೆ ಬೀಳುವುದರಿಂದ ಮಾರಾಟದ ಆತುರ ಹುಟ್ಟುವುದೂ ಆಗಲೇ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗುತ್ತ ಬಂದು, ಲಸಿಕೆಯಿಂದ ಬರಬೇಕಾದ ಶಕ್ತಿ ಇನ್ನೂ ಹುಟ್ಟದಿರುವ ಅವಧಿಯೂ ಸರಿಯಾಗಿ ಅದೇ. ವ್ಯಾಪಾರದ ಪಂಚಾಂಗ ಮತ್ತು ದೇಹದ ಪಂಚಾಂಗ ಹೀಗೆ ಒಂದಕ್ಕೊಂದು ಎದುರಾಗಿ ನಿಂತಿರುವುದೇ ಈ ಸೀಮೆಯಲ್ಲಿ ನಾಯಿಗಳ ಉಸಿರಾಟದ ರೋಗಗಳ ಮೂಲ ಸಮಸ್ಯೆ. ಬಸ್ಸಿನಲ್ಲೋ ಬಾಡಿಗೆ ಕಾರಿನಲ್ಲೋ ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕು ಮರಿಗಳನ್ನು ಒಟ್ಟಿಗೆ ಕೂರಿಸಿ ಕಳಿಸಿದಾಗ, ದಾರಿಯ ದಣಿವು, ಆಹಾರದ ಬದಲಾವಣೆ ಮತ್ತು ಪರಸ್ಪರ ಸಂಪರ್ಕ ಮೂರೂ ಸೇರಿ, ಒಂದು ಮರಿಯಲ್ಲಿ ಅಡಗಿದ್ದ ಸೋಂಕು ಮನೆ ಮುಟ್ಟುವ ಹೊತ್ತಿಗೆ ನಾಲ್ಕಕ್ಕೂ ಹಬ್ಬಿರುತ್ತದೆ.

ಈ ರೋಗಗಳಲ್ಲಿ ಅತ್ಯಂತ ಮಾರಕವಾದದ್ದು ಡಿಸ್ಟೆಂಪರ್. ಇದು ಕಣ್ಣು, ಮೂಗು, ಶ್ವಾಸಕೋಶ, ಕರುಳು ಮತ್ತು ಕೊನೆಗೆ ಮಿದುಳನ್ನು ಹಿಡಿಯುವ ವೈರಸ್ ರೋಗ. ಸೋಂಕು ತಗುಲಿದ ಕೆಲವು ದಿನಗಳಲ್ಲಿ ಬರುವ ಮೊದಲ ಜ್ವರ ತಾನಾಗಿ ಇಳಿಯುವುದರಿಂದ ಮಾಲೀಕನ ಗಮನಕ್ಕೆ ಬಾರದೆ ಹೋಗುವುದೇ ಹೆಚ್ಚು. ಮರಿ ಗೆದ್ದಿತು ಎನ್ನುವಷ್ಟರಲ್ಲಿ ಎರಡನೆಯ ಜ್ವರ ಬರುತ್ತದೆ, ಕಣ್ಣಿನಿಂದ ಮೊದಲು ನೀರು, ಆಮೇಲೆ ರೆಪ್ಪೆಗಳನ್ನು ಅಂಟಿಸುವ ಹಳದಿ ಪಿಸುರು, ಮೂಗಿನಿಂದ ಗಟ್ಟಿ ಸಿಂಬಳ ಇಳಿಯುತ್ತವೆ, ಒಣಕೆಮ್ಮು ಕಫದ ಕೆಮ್ಮಾಗಿ ತಿರುಗುತ್ತದೆ, ಮರಿ ಊಟ ಬಿಟ್ಟು ಭೇದಿ ಮಾಡಿಕೊಳ್ಳುತ್ತದೆ. ವೈರಸ್ಸು ದೇಹದ ರಕ್ಷಣಾ ಕಣಗಳನ್ನೇ ಕುಗ್ಗಿಸುವುದರಿಂದ ಆ ಸಮಯದಲ್ಲಿ ಬ್ಯಾಕ್ಟೀರಿಯಾಗಳು ಒಳನುಗ್ಗಿ ನ್ಯುಮೋನಿಯಾ ಉಂಟುಮಾಡುತ್ತವೆ. ಕೆಲವು ನಾಯಿಗಳ ಅಂಗಾಲಿನ ಮೆತ್ತೆ ಮತ್ತು ಮೂಗಿನ ತುದಿ ಒರಟಾಗಿ ಗಟ್ಟಿಯಾಗುತ್ತವೆ. ಶ್ವಾಸದ ಹಂತವನ್ನು ದಾಟಿದ ನಾಯಿ ವಾರಗಳ ನಂತರ ದವಡೆಯನ್ನು ಏನೋ ಅಗಿಯುವಂತೆ ಕಟಕಟ ಆಡಿಸುತ್ತ ಬಾಯಲ್ಲಿ ನೊರೆ ತಂದು ಬೀಳಬಹುದು. ಅಥವಾ ಅದರ ಒಂದು ಕಾಲಿನ ಸ್ನಾಯು ನಿದ್ದೆಯಲ್ಲಿಯೂ ಬಿಡದೆ ತಾಳಬದ್ಧವಾಗಿ ಅದುರುತ್ತಿರಬಹುದು. ಈ ಅದುರುವಿಕೆ ಉಳಿದುಕೊಂಡ ನಾಯಿ ಮತ್ತೆಂದೂ ಬೇಟೆನಾಯಿಯ ಹಾಗೆ ಓಡಲಾರದು. ಎಳವೆಯಲ್ಲಿ ಡಿಸ್ಟೆಂಪರ್ ಬಂದು ಬದುಕುಳಿದ ನಾಯಿಯ ಬಾಯಿ ತೆರೆದರೆ, ಹೊಳಪಿನ ಪದರ ಕೂಡಿಕೊಳ್ಳದೆ ಗುಳಿಬಿದ್ದ ಕಂದು ಹಲ್ಲುಗಳು ಆ ರೋಗದ ಸಾಕ್ಷಿಯಾಗಿ ಜೀವನಪರ್ಯಂತ ಉಳಿದಿರುತ್ತವೆ.

ಈ ವೈರಸ್ಸಿನ ಬಂಧುಬಳಗವನ್ನು ಕನ್ನಡದ ರೈತ ಚೆನ್ನಾಗಿ ಬಲ್ಲ. ಮಕ್ಕಳಿಗೆ ಬರುವ ದಡಾರದ ವೈರಸ್ ಮತ್ತು ಒಂದು ಕಾಲಕ್ಕೆ ದನಕರುಗಳ ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗದ ವೈರಸ್ ಎರಡೂ ಡಿಸ್ಟೆಂಪರ್ ವೈರಸ್ಸಿನ ಹತ್ತಿರದ ಸಂಬಂಧಿಗಳು. ದೊಡ್ಡರೋಗವನ್ನು ದಶಕಗಳ ಕಾಲ ಊರೂರು ತಿರುಗಿ ಹಾಕಿದ ಲಸಿಕೆಯಿಂದಲೇ ನಿರ್ಮೂಲ ಮಾಡಿ, 2011ರಲ್ಲಿ ಜಗತ್ತು ಅದರಿಂದ ಮುಕ್ತವಾಗಿದೆಯೆಂದು ಘೋಷಿಸಲಾಯಿತು. ಒಂದೇ ಕುಟುಂಬದ ಎರಡು ರೋಗಗಳಲ್ಲಿ ದನದ್ದು ಭೂಮಿಯಿಂದಲೇ ಅಳಿದು, ನಾಯಿಯದು ಓಣಿಓಣಿಯಲ್ಲಿ ಉಳಿದುಕೊಂಡಿರುವುದಕ್ಕೆ ಕಾರಣ ವಿಜ್ಞಾನದ ಕೊರತೆಯಲ್ಲ. ದನಕ್ಕೆ ಇದ್ದ ಬೆಲೆ ನಾಯಿಗೆ ಇರಲಿಲ್ಲ, ಅಷ್ಟೇ. ಡಿಸ್ಟೆಂಪರ್ ವೈರಸ್ಸು ದೇಹದ ಹೊರಗೆ ಬಲಹೀನ. ಬಿಸಿಲು, ಸೋಪು, ಸಾಮಾನ್ಯ ಫಿನಾಯಿಲ್‌ಗೂ ಅದು ಬೇಗನೆ ಸಾಯುತ್ತದೆ. ಅದು ಹರಡುವುದು ಮುಖ್ಯವಾಗಿ ಕೆಮ್ಮು, ಸೀನುಗಳ ಹನಿಗಳ ಮೂಲಕ, ನಾಯಿಯಿಂದ ನಾಯಿಗೆ ನೇರವಾಗಿ. ಆದರೆ ಸೋಂಕು ತಗುಲಿದ ನಾಯಿ ಲಕ್ಷಣ ತೋರುವ ಮುಂಚೆಯೇ ವೈರಸ್ಸನ್ನು ಹೊರಚೆಲ್ಲಲು ಆರಂಭಿಸಿ, ಕೆಲವೊಮ್ಮೆ ಎರಡು ಮೂರು ತಿಂಗಳವರೆಗೂ ಚೆಲ್ಲುತ್ತಿರುತ್ತದೆಯಾದ್ದರಿಂದ, ಬಾಗಲಕೋಟೆಯ ಬಿಸಿಲನ್ನು ನಂಬಿ ಸುಮ್ಮನಿರುವುದರಿಂದ ಪ್ರಯೋಜನವಿಲ್ಲ.

ಎರಡನೆಯದು ಕೆನೆಲ್ ಕಾಫ್ ಎಂದು ವೈದ್ಯರು ಕರೆಯುವ, ಅನೇಕ ನಾಯಿಗಳನ್ನು ಒಟ್ಟಿಗೆ ಇಟ್ಟಲ್ಲಿ ಹಬ್ಬುವ ಕೆಮ್ಮು. ಇದು ಒಂದೇ ರೋಗಾಣುವಿನ ಕೆಲಸವಲ್ಲ. ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಎರಡನೆಯ ಬಗೆಯ ಅಡೆನೊವೈರಸ್ ಮತ್ತು ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ ಇದರ ಮುಖ್ಯ ಪಾಲುದಾರರು. ಕೊನೆಯದು ಮಕ್ಕಳ ನಾಯಿಕೆಮ್ಮಿಗೆ ಕಾರಣವಾದ ಬ್ಯಾಕ್ಟೀರಿಯಾದ ಸೋದರ ಪ್ರಭೇದ. ಶ್ವಾಸನಾಳದ ಒಳಗೋಡೆಯ ಮೇಲೆ ಧೂಳು, ಕಫಗಳನ್ನು ಮೇಲಕ್ಕೆ ತಳ್ಳುತ್ತ ಸದಾ ಆಡುತ್ತಿರುವ ಸೂಕ್ಷ್ಮ ರೋಮಗಳಿಗೆ ಬಾರ್ಡೆಟೆಲ್ಲಾ ಅಂಟಿಕೊಂಡು ಅವುಗಳ ಚಲನೆಯನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಒಳಹೊಕ್ಕ ರೋಗಾಣುಗಳನ್ನು ಹೊರಹಾಕುವ ವ್ಯವಸ್ಥೆಯೇ ಇರುವುದಿಲ್ಲ. ನಾಯಿ ಕುತ್ತಿಗೆ ಮುಂದೆ ಚಾಚಿ ಒರಟಾಗಿ, ಗಟ್ಟಿಯಾಗಿ ಸರಣಿಯಲ್ಲಿ ಕೆಮ್ಮಿ, ಕೊನೆಯಲ್ಲಿ ಓಕರಿಸಿ ಬಿಳಿ ನೊರೆ ಕಕ್ಕುತ್ತದೆ. ಇದನ್ನು ನೋಡಿದ ಮನೆಯವರು 'ಗಂಟಲದಾಗ ಎಲುಬು ಸಿಕ್ಕೈತಿ' ಎಂದುಕೊಂಡು ಬಾಯಿಗೆ ಬೆರಳು ಹಾಕುವುದು, ಅನ್ನದ ಮುದ್ದೆ ನುಂಗಿಸುವುದು ಸಾಮಾನ್ಯ. ಎಲುಬು ಸಿಕ್ಕಿದ ನಾಯಿ ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಊಟ ಮುಟ್ಟುವುದಿಲ್ಲ. ಕೆನೆಲ್ ಕಾಫ್ ಬಂದ ನಾಯಿ ಬಹುಮಟ್ಟಿಗೆ ಲವಲವಿಕೆಯಿಂದಲೇ ಇದ್ದು ಊಟವನ್ನೂ ಮಾಡುತ್ತದೆ, ಕೊರಳಪಟ್ಟಿ ಎಳೆದೊಡನೆ ಮಾತ್ರ ಕೆಮ್ಮು ಕೆರಳುತ್ತದೆ. ಬೆಳೆದ ಆರೋಗ್ಯವಂತ ನಾಯಿಯಲ್ಲಿ ಇದು ಒಂದರಿಂದ ಮೂರು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಎಳೆಯ ಮರಿ, ಮುದಿನಾಯಿ ಮತ್ತು ಬಸುರಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ.

ಡಿಸ್ಟೆಂಪರ್ ಲಸಿಕೆಯ ಹುಟ್ಟಿನ ಕಥೆ ಮುಧೋಳದಂಥ ಬೇಟೆನಾಯಿಗಳ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಸಿಡುಬಿನ ಲಸಿಕೆಯ ಜನಕ ಎಡ್ವರ್ಡ್ ಜೆನ್ನರ್ 1809ರಲ್ಲಿಯೇ ಈ ರೋಗದ ಲಕ್ಷಣಗಳನ್ನು ವಿವರಿಸಿ ಬರೆದಿದ್ದನು; 1905ರಲ್ಲಿ ಫ್ರಾನ್ಸಿನ ಹೆನ್ರಿ ಕ್ಯಾರೆ, ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಶೋಧಕದ ಮೂಲಕವೂ ಇದರ ರೋಗಕಾರಕ ಹಾದುಹೋಗುತ್ತದೆಂದು, ಅಂದರೆ ಅದು ವೈರಸ್ ಎಂದು ತೋರಿಸಿದನು. ಆದರೂ ಬಾರ್ಡೆಟೆಲ್ಲಾವೇ ಡಿಸ್ಟೆಂಪರಿಗೆ ಕಾರಣವೆಂಬ ವಾದ ಹಲವು ವರ್ಷ ಮುಂದುವರಿಯಿತು, ಏಕೆಂದರೆ ಸತ್ತ ನಾಯಿಗಳ ಶ್ವಾಸನಾಳದಲ್ಲಿ ಅದೇ ಕಾಣಸಿಗುತ್ತಿತ್ತು. 1920ರ ದಶಕದಲ್ಲಿ ಇಂಗ್ಲೆಂಡಿನ ಬೇಟೆಗಾರರ ಪತ್ರಿಕೆ 'ದಿ ಫೀಲ್ಡ್' ತನ್ನ ಓದುಗರಿಂದ, ಎಂದರೆ ಬೇಟೆನಾಯಿಗಳ ಒಡೆಯರಿಂದ ನಿಧಿ ಕೂಡಿಸಿತು. ಲಂಡನ್ ಹತ್ತಿರದ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಡ್ಲಾ ಮತ್ತು ಜಾರ್ಜ್ ಡಂಕಿನ್ ಆ ಹಣದ ನೆರವಿನಿಂದ ಸಂಶೋಧನೆ ನಡೆಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೂ ಈ ರೋಗ ತಗಲುತ್ತದೆಂದು ಕಂಡುಕೊಂಡು, ಆ ದಶಕದ ಕೊನೆಯ ಹೊತ್ತಿಗೆ ಬಳಸಬಹುದಾದ ಲಸಿಕೆಯನ್ನು ರೂಪಿಸಿದರು. ಅದೇ ಪ್ರಯೋಗಾಲಯದಲ್ಲಿ 1933ರಲ್ಲಿ ಲೇಡ್ಲಾ, ವಿಲ್ಸನ್ ಸ್ಮಿತ್ ಮತ್ತು ಆಂಡ್ರೂಸ್ ಅವರು ಫೆರೆಟ್‌ಗಳನ್ನೇ ಬಳಸಿ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಬಾರಿಗೆ ಪ್ರತ್ಯೇಕಿಸಿದರು. ನಾಯಿಯ ರೋಗಕ್ಕೆಂದು ಕೂಡಿಸಿದ ಹಣ ಮನುಷ್ಯಕುಲಕ್ಕೆ ಇಷ್ಟೊಂದು ಲಾಭ ತಂದ ನಿದರ್ಶನ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಇಂದು ಬಳಕೆಯಲ್ಲಿರುವ, ವೈರಸ್ಸನ್ನು ಜೀವಂತವಾಗಿಯೇ ಇಟ್ಟು ಅದರ ರೋಗಶಕ್ತಿಯನ್ನು ಮಾತ್ರ ಕುಂದಿಸಿದ ಲಸಿಕೆಗಳು 1950ರ ದಶಕದಿಂದ ಈಚೆಗೆ ಬಂದವು.

ಲಸಿಕೆ ಇದ್ದೂ ಮರಿಗಳು ಸಾಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ತಾಯಿಯ ಹಾಲಿನಲ್ಲಿದೆ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನ ಮೂಲಕ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ನಿರ್ದಿಷ್ಟ ರೋಗಾಣುವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳು, ಮರಿಗೆ ದೊರೆಯುತ್ತವೆ. ಡಿಸ್ಟೆಂಪರ್ ವಿರುದ್ಧದ ಈ ಎರವಲು ಪ್ರತಿಕಾಯಗಳು ಸುಮಾರು ಎಂಟೂವರೆ ದಿನಕ್ಕೊಮ್ಮೆ ಅರ್ಧದಷ್ಟಾಗುತ್ತ ಹೋಗುತ್ತವೆ. ಆ ಲೆಕ್ಕದಲ್ಲಿ ಆರನೆಯ ವಾರ ತುಂಬುವಾಗ ಮೊದಲಿದ್ದುದರ ಮೂವತ್ತೆರಡರಲ್ಲಿ ಒಂದು ಪಾಲು ಉಳಿದಿರುತ್ತದೆ. ತೊಡಕು ಇರುವುದು ಇಲ್ಲಿಯೇ: ಪ್ರತಿಕಾಯದ ಪ್ರಮಾಣ ಹೆಚ್ಚಿದ್ದಾಗ ಲಸಿಕೆ ಕೊಟ್ಟರೆ ಲಸಿಕೆಯೊಳಗಿನ ದುರ್ಬಲ ವೈರಸ್ಸನ್ನೂ ಅವು ನಾಶಮಾಡುವುದರಿಂದ ಲಸಿಕೆ ಹಿಡಿಯುವುದಿಲ್ಲ, ಕಡಿಮೆಯಾದಾಗ ಲಸಿಕೆ ಹಿಡಿಯುತ್ತದೆ, ಆದರೆ ಅಷ್ಟರಲ್ಲಿ ಓಣಿಯ ವೈರಸ್ಸಿಗೂ ದಾರಿ ತೆರೆದಿರುತ್ತದೆ. ಲಸಿಕೆಯನ್ನು ತಡೆಯುವಷ್ಟು ಪ್ರತಿಕಾಯವಿದ್ದೂ ರೋಗವನ್ನು ತಡೆಯುವಷ್ಟು ಇಲ್ಲದಿರುವ ಒಂದೆರಡು ವಾರಗಳ ಅಪಾಯದ ಅವಧಿ ಪ್ರತಿ ಮರಿಗೂ ಇದ್ದೇ ಇರುತ್ತದೆ. ಅದು ಆರನೆಯ ವಾರವೋ ಹನ್ನೆರಡನೆಯದೋ ಎಂಬುದು ತಾಯಿಗೆ ಲಸಿಕೆ ಆಗಿತ್ತೇ, ಮರಿ ಎಷ್ಟು ಗಿಣ್ಣುಹಾಲು ಕುಡಿಯಿತು ಎಂಬುದನ್ನು ಅವಲಂಬಿಸಿರುವುದರಿಂದ, ಒಂದೇ ಸೂಲಿನ ಎರಡು ಮರಿಗಳಲ್ಲಿಯೂ ಬೇರೆಬೇರೆಯಾಗಿರಬಹುದು. ಲಸಿಕೆಯನ್ನೇ ಕಾಣದ ಹೊಲದ ಹೆಣ್ಣುನಾಯಿಯ ಮರಿಗಳಿಗೆ ಬಹುತೇಕ ಎರವಲು ರಕ್ಷಣೆಯೇ ಇರುವುದಿಲ್ಲ. ದಡಾರದ ವೈರಸ್ಸು ಡಿಸ್ಟೆಂಪರ್ ಪ್ರತಿಕಾಯಗಳಿಂದ ಪೂರ್ತಿ ನಾಶವಾಗುವುದಿಲ್ಲವಾದ್ದರಿಂದ, ಕೆಲವು ದೇಶಗಳಲ್ಲಿ ಎಳೆಯ ಮರಿಗಳಿಗೆ ದಡಾರದ ಲಸಿಕೆಯನ್ನೇ ಕೊಟ್ಟು ಈ ಅವಧಿಯನ್ನು ದಾಟಿಸುವ ಪ್ರಯತ್ನವೂ ಒಂದು ಕಾಲಕ್ಕೆ ನಡೆದಿತ್ತು.

ಹಾಗಾಗಿಯೇ ಮರಿಗಳ ಲಸಿಕೆ ಒಂದು ಚುಚ್ಚುಮದ್ದಿಗೆ ಮುಗಿಯದೆ ಸರಣಿಯಾಗಿದೆ. ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯಕೀಯ ಸಂಘದ ಮಾರ್ಗಸೂಚಿಯಂತೆ ಮೊದಲ ಡೋಸು ಆರರಿಂದ ಎಂಟನೆಯ ವಾರದ ನಡುವೆ, ಅನಂತರ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕೊನೆಯದು ಹದಿನಾರು ವಾರ ತುಂಬಿದ ಮೇಲೆ. ಈ ಕೊನೆಯ ಡೋಸೇ ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪಿಹೋಗುವುದೂ ಅದೇ. ಬಳಿಕ ಆರು ತಿಂಗಳ ಸುಮಾರಿಗೋ ವರ್ಷ ತುಂಬಿದಾಗಲೋ ಇನ್ನೊಂದು ಕೊಟ್ಟರೆ, ಡಿಸ್ಟೆಂಪರ್, ಅಡೆನೊವೈರಸ್ ಮತ್ತು ರಕ್ತಭೇದಿ ತರುವ ಪಾರ್ವೊ ವೈರಸ್‌ಗಳ ವಿರುದ್ಧದ ರಕ್ಷಣೆ ಮೂರು ವರ್ಷಕ್ಕೂ ಮೀರಿ ಉಳಿಯುತ್ತದೆ. ಔಷಧ ಅಂಗಡಿಯಲ್ಲಿ 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಎಂದು ಕೇಳಿ ತರುವ ಲಸಿಕೆಗಳಲ್ಲಿ ಈ ಮೂರರ ಜೊತೆ ಪ್ಯಾರಾಇನ್‌ಫ್ಲುಯೆಂಜಾ ಮತ್ತು ಇಲಿಜ್ವರದ ಅಂಶಗಳು ಸೇರಿರುತ್ತವೆ. ಇಲಿಜ್ವರದ್ದು ಶ್ವಾಸಕ್ಕೆ ಸಂಬಂಧಿಸಿದ್ದಲ್ಲವಾದರೂ ಕಬ್ಬಿನ ಹೊಲದಲ್ಲಿ ಇಲಿಗಳ ನಡುವೆ ತಿರುಗುವ ನಾಯಿಗೆ ಬೇಕೇ ಬೇಕು, ಅದನ್ನು ಮಾತ್ರ ಪ್ರತಿವರ್ಷ ಕೊಡಬೇಕು. ರೇಬೀಸ್ ಲಸಿಕೆ ಪ್ರತ್ಯೇಕ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆ ಎಂದಮಾತ್ರಕ್ಕೆ ನಾಯಿಗೆ 'ಇಂಜೆಕ್ಷನ್ ಎಲ್ಲಾ ಮುಗದಾವ' ಎಂದು ತಿಳಿಯುವುದು ಈ ಭಾಗದಲ್ಲಿ ತೀರ ಹರಡಿರುವ ತಪ್ಪು ತಿಳಿವಳಿಕೆ. ಮೊದಲು ಬಳಸುತ್ತಿದ್ದ, ಯಕೃತ್ತಿನ ಉರಿಯೂತ ತರುವ ಒಂದನೆಯ ಬಗೆಯ ಅಡೆನೊವೈರಸ್ಸಿನ ಲಸಿಕೆಯಿಂದ ಕೆಲವು ನಾಯಿಗಳ, ಅದರಲ್ಲಿಯೂ ಮುಧೋಳದಂತೆಯೇ ಕಣ್ಣಿನಿಂದ ಬೇಟೆಯಾಡುವ ಅಫ್ಘನ್ ಹೌಂಡ್‌ಗಳ ಕಣ್ಣುಗುಡ್ಡೆ ನೀಲಿಯಾಗಿ ಮಸುಕಾಗುತ್ತಿತ್ತು. ಕೆಮ್ಮು ತರುವ ಎರಡನೆಯ ಬಗೆಯನ್ನು ಲಸಿಕೆಗೆ ಬಳಸತೊಡಗಿದ ಮೇಲೆ ಆ ತೊಂದರೆ ತಪ್ಪಿ, ಕೆಮ್ಮು ಮತ್ತು ಯಕೃತ್ತಿನ ಉರಿಯೂತ ಎರಡರಿಂದಲೂ ಒಂದೇ ಲಸಿಕೆ ಕಾಯುವಂತಾಯಿತು.

ಲಸಿಕೆ ಕೆಡುವುದು ಹೆಚ್ಚಾಗಿ ಕಾರ್ಖಾನೆಯಲ್ಲಲ್ಲ, ಹಾದಿಯಲ್ಲಿ. ಒಂದು ಡೋಸಿನಲ್ಲಿ ಎರಡು ಪುಟ್ಟ ಸೀಸೆಗಳಿರುತ್ತವೆ: ಒಂದರ ತಳದಲ್ಲಿ ಘನೀಕರಿಸಿ ಒಣಗಿಸಿದ ಸಣ್ಣ ಬಿಲ್ಲೆ, ಇನ್ನೊಂದರಲ್ಲಿ ಅದನ್ನು ಕರಗಿಸುವ ಒಂದು ಮಿಲಿಲೀಟರ್ ದ್ರವ. ಬಿಲ್ಲೆಯೊಳಗಿನ ವೈರಸ್ಸು ಜೀವಂತವಾಗಿರಬೇಕಾದರೆ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಬೇಕು. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಪೇಟೆಯ ಅಂಗಡಿಯಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೈಕಿನ ಹಿಡಿಗೆ ನೇತುಹಾಕಿಕೊಂಡು ಹಳ್ಳಿ ಮುಟ್ಟಿಸಿದರೆ, ಮರಿಗೆ ಚುಚ್ಚುವುದು ಬರಿಯ ನೀರನ್ನು. ಮಂಜುಗಡ್ಡೆ ಹಾಕಿದ ಥರ್ಮಾಸ್ ಇಲ್ಲದೆ ಲಸಿಕೆ ಕೊಳ್ಳಬಾರದು. ಆದರೆ ಸೀಸೆ ನೇರವಾಗಿ ಮಂಜಿಗೆ ತಾಗಿ ದ್ರವ ಹೆಪ್ಪುಗಟ್ಟಲೂಬಾರದು. ಬೆರೆಸಿದ ಕೂಡಲೇ ಕೊಟ್ಟು ಮುಗಿಸಬೇಕು. ಸಿರಿಂಜನ್ನು ಸ್ಪಿರಿಟ್ಟಿನಿಂದ ತೊಳೆದು ಮತ್ತೆ ಬಳಸಿದರೆ ಉಳಿದ ಸ್ಪಿರಿಟ್ಟೇ ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಖರ್ಚು ಉಳಿಸಲು ಒಂದು ಡೋಸನ್ನು ಎರಡು ಮರಿಗಳಿಗೆ ಹಂಚುವ ರೂಢಿಯಂತೂ ಎರಡನ್ನೂ ಕಾಯದೆ ಹೋಗುವ ದಾರಿ, ಏಕೆಂದರೆ ಲಸಿಕೆಯ ಪ್ರಮಾಣ ಮೈತೂಕದ ಲೆಕ್ಕದ್ದಲ್ಲ. ಮುಧೋಳದ ಮರಿಗೂ ದೊಡ್ಡ ಗ್ರೇಟ್ ಡೇನ್‌ಗೂ ಅದೇ ಒಂದು ಮಿಲಿಲೀಟರ್. ತೆಳುಮೈಯ ಬೇಟೆನಾಯಿಗಳಿಗೆ ಥಯೊಪೆಂಟಾಲ್‌ನಂತಹ ಕೆಲವು ಅರಿವಳಿಕೆ ಔಷಧಗಳು ಒಗ್ಗುವುದಿಲ್ಲ ಎಂಬುದು ನಿಜ. ಆ ಸೂಕ್ಷ್ಮತೆಯನ್ನು ಲಸಿಕೆಗೂ ಅನ್ವಯಿಸಿ ಹೆದರಬೇಕಾಗಿಲ್ಲ. ಚುಚ್ಚಿದ ಮೇಲೆ ಸೀಸೆಯ ಮೇಲಿನ ಚೀಟಿಯನ್ನು ಕಿತ್ತು ಕಾರ್ಡಿನಲ್ಲಿ ಅಂಟಿಸಿ, ದಿನಾಂಕ ಬರೆದು ವೈದ್ಯರು ಸಹಿ ಹಾಕಬೇಕು. ಆ ಚೀಟಿಯಲ್ಲಿ ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ಅವಧಿ ಇರುವುದರಿಂದ, ಕೈಬರಹದ 'ಲಸಿಕೆ ಆಗಿದೆ' ಎಂಬ ಟಿಪ್ಪಣಿಗಿಂತ ಅದಕ್ಕೆ ತೂಕ ಹೆಚ್ಚು.

ಬಾರ್ಡೆಟೆಲ್ಲಾ ಲಸಿಕೆಯ ಮಾತು ಬೇರೆ. ಅದನ್ನು ಸಾಮಾನ್ಯವಾಗಿ ಮೂಗಿನ ಹೊಳ್ಳೆಗೆ ಹನಿಯಾಗಿ ಬಿಡುತ್ತಾರೆ. ರೋಗಾಣು ಒಳಬರುವ ಬಾಗಿಲಲ್ಲೇ ರಕ್ಷಣೆ ಹುಟ್ಟುವುದರಿಂದ ಕೆಲವೇ ದಿನಗಳಲ್ಲಿ ಪರಿಣಾಮ ತೋರುತ್ತದೆ, ತಾಯಿಯ ಪ್ರತಿಕಾಯಗಳ ಅಡ್ಡಿಯೂ ಅಷ್ಟಾಗಿ ಇರುವುದಿಲ್ಲ. ಆದರೆ ಪ್ರತಿವರ್ಷ ಕೊಡಬೇಕು. ಮನುಷ್ಯರ ಫ್ಲೂ ಲಸಿಕೆಯಂತೆ ಇದು ರೋಗವನ್ನು ಪೂರ್ತಿ ತಡೆಯದಿದ್ದರೂ ಅದರ ತೀವ್ರತೆಯನ್ನು ತಗ್ಗಿಸುತ್ತದೆ. ಬೀಳಗಿಯ ಬಯಲಿನ ಹೊಲದಲ್ಲಿ ಒಂಟಿಯಾಗಿ ಕಾವಲಿರುವ ನಾಯಿಗೆ ಇದರ ಅಗತ್ಯ ಕಡಿಮೆ, ಆ ಹಣವನ್ನು ಡಿಸ್ಟೆಂಪರ್ ಸರಣಿ ಪೂರ್ತಿಗೊಳಿಸಲು ಬಳಸುವುದೇ ಜಾಣತನ. ತಳಿಕೇಂದ್ರದಲ್ಲಿ, ಸೇನೆ ಅಥವಾ ಪೊಲೀಸ್ ಶ್ವಾನದಳದಲ್ಲಿ, ನಗರದ ನಾಯಿ ಹಾಸ್ಟೆಲಿನಲ್ಲಿ ಇರುವ, ಪ್ರದರ್ಶನಗಳಿಗೆ ಹೋಗಿಬರುವ ನಾಯಿಗೆ ಮಾತ್ರ ಇದು ಐಚ್ಛಿಕವೆನ್ನುವಂತಿಲ್ಲ.

ಒಟ್ಟಿಗೆ ಇಟ್ಟ ಬೇಟೆನಾಯಿಗಳಲ್ಲಿ ಹೊಸ ರೋಗಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ 2004ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದದ್ದು ನಿದರ್ಶನ. ಅಲ್ಲಿನ ಪಂದ್ಯದ ಮೈದಾನವೊಂದರ 22 ಗ್ರೇಹೌಂಡ್‌ಗಳಿಗೆ ಕೆಮ್ಮು ಜ್ವರ ಬಂದು 8 ನಾಯಿಗಳು ಸತ್ತಾಗ, ಕಾರಣ ಕುದುರೆಗಳ ಎಚ್3ಎನ್8 ಫ್ಲೂ ವೈರಸ್ಸು ನಾಯಿಗಳಿಗೆ ದಾಟಿದ್ದು ಎಂದು ಪತ್ತೆಯಾಯಿತು. ಗ್ರೇಹೌಂಡ್ ದೇಹರಚನೆಯಲ್ಲಿ ಮುಧೋಳದ ದಾಯಾದಿಯೇ. ಆನಂತರ ಪೂರ್ವ ಏಷ್ಯಾದಲ್ಲಿ ಹಕ್ಕಿಗಳಿಂದ ನಾಯಿಗಳಿಗೆ ಬಂದ ಎಚ್3ಎನ್2 ಎಂಬ ಇನ್ನೊಂದು ಬಗೆ 2015ರಲ್ಲಿ ಶಿಕಾಗೋ ಮುಟ್ಟಿತು.

ನಾಯಿಯ ರೋಗ ನಾಯಿಯಲ್ಲಿಯೇ ನಿಲ್ಲುವುದಿಲ್ಲ ಎಂಬುದು ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಿಗೆ ಇನ್ನೂ ಹತ್ತಿರದ ವಿಷಯ. ಎರಡೂ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮದಲ್ಲಿ ಚಿಂಕಾರಗಳಲ್ಲದೆ ತೋಳ, ಕತ್ತೆಕಿರುಬ, ನರಿಗಳೂ ಇವೆ. ತೋಳ, ನರಿಗಳು ನಾಯಿಯ ಕುಲದವು, ಡಿಸ್ಟೆಂಪರ್ ಅವುಗಳಿಗೂ ಅಷ್ಟೇ ಮಾರಕ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಈ ವೈರಸ್ಸಿನಿಂದ ಅಲ್ಲಿನ ಸಿಂಹಗಳಲ್ಲಿ ಮೂರನೆಯ ಒಂದು ಭಾಗದಷ್ಟು ಅಳಿದವು. ಸುತ್ತಲಿನ ಹಳ್ಳಿಗಳ ಲಸಿಕೆಯಿಲ್ಲದ ನಾಯಿಗಳತ್ತ ಬೆರಳು ತೋರಿದಾಗ ಅಲ್ಲಿ ಹಳ್ಳಿನಾಯಿಗಳಿಗೆ ಲಸಿಕೆ ಹಾಕುವ ಕಾರ್ಯಕ್ರಮ ಆರಂಭವಾಯಿತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಡಿಸ್ಟೆಂಪರ್ ವೈರಸ್ ದೃಢಪಟ್ಟಿತು, ಸರ್ಕಾರ ವಿದೇಶದಿಂದ ಲಸಿಕೆ ತರಿಸಬೇಕಾಯಿತು. ಯಡಹಳ್ಳಿಯ ಅಂಚಿನ ಹೊಲಗಳಲ್ಲಿ ಕುರಿ ಕಾಯುವ ನಾಯಿಗೆ ಲಸಿಕೆ ಹಾಕಿಸುವುದು ಆ ತೋಳಗಳನ್ನು ಕಾಯುವ ಅತ್ಯಂತ ಅಗ್ಗದ ಉಪಾಯ. ಅರಣ್ಯ ಇಲಾಖೆ ಮತ್ತು ಪಶುಪಾಲನಾ ಇಲಾಖೆ ಕೂಡಿ ಇದನ್ನು ಕೈಗೆತ್ತಿಕೊಂಡರೆ ಅದು ವ್ಯರ್ಥ ಖರ್ಚಾಗಲಾರದು.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ನಡೆದಿದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಬಂದ ನಾಯಿ ತಳಿಸಂವರ್ಧನೆ ಮತ್ತು ಮಾರಾಟದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದೂ, ಮಾರುವ ನಾಯಿಗೆ ಲಸಿಕೆ ಆಗಿರಬೇಕೆಂದೂ, ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ ಹೇಳುತ್ತವೆ. ವರ್ಷಕ್ಕೊಂದು ಸೂಲು ಮಾರುವ ರೈತನನ್ನು ನಗರದ ದೊಡ್ಡ ತಳಿಗಾರನ ಸಾಲಿನಲ್ಲಿ ನಿಲ್ಲಿಸಿ ಕಾಗದಪತ್ರ ಕೇಳುವುದರಲ್ಲಿ ಅರ್ಥವಿಲ್ಲವಾದರೂ, ಎಂಟು ವಾರದ ಮಿತಿಯೊಂದನ್ನು ಬಿಗಿಯಾಗಿ ಪಾಲಿಸಿದರೆ ಮೊದಲ ಡೋಸು ಮುಧೋಳದಲ್ಲಿಯೇ, ತಾಯಿಯ ಪಕ್ಕದಲ್ಲಿಯೇ ಮುಗಿಯುತ್ತದೆ. ಎರಡು ವಾರ ಹೆಚ್ಚಿಗೆ ಸಾಕಿದ ಖರ್ಚನ್ನು ಬೆಲೆಯಲ್ಲಿ ಕೇಳಿ ಪಡೆಯುವುದೂ ನ್ಯಾಯವೇ. ಬೀದಿನಾಯಿಗಳ ಪಾಲಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯನ್ನು ವಿಧಿಸುತ್ತವೆ. ಹಿಡಿದ ನಾಯಿಗೆ ಅದೇ ಹೊತ್ತಿನಲ್ಲಿ ಡಿಸ್ಟೆಂಪರ್ ಲಸಿಕೆಯನ್ನೂ ಕೊಡುವುದು ಅವುಗಳಲ್ಲಿ ಸೇರಿಲ್ಲ. ಬನಹಟ್ಟಿಯ ನೇಕಾರ ಓಣಿಗಳಂತಹ ಇಕ್ಕಟ್ಟಾದ ಕಡೆ ಮನೆಯ ನಾಯಿ, ಬೀದಿಯ ನಾಯಿ ಎಂಬ ಭೇದ ಬಾಗಿಲ ಹೊಸ್ತಿಲಿನಷ್ಟೇ ಇರುವಾಗ, ಬೀದಿಯಲ್ಲಿ ವೈರಸ್ಸು ಉಳಿದಷ್ಟು ಕಾಲ ಮನೆಯ ಮರಿಗೂ ಅಪಾಯ ತಪ್ಪಿದ್ದಲ್ಲ.

ರೋಗ ಬಂದ ಮೇಲೆ ಮಾಡಬಹುದಾದದ್ದು ಕಡಿಮೆ. ಡಿಸ್ಟೆಂಪರ್ ವೈರಸ್ಸನ್ನು ಕೊಲ್ಲುವ ಔಷಧ ಬಳಕೆಯಲ್ಲಿಲ್ಲ. ಸಲೈನು, ಬ್ಯಾಕ್ಟೀರಿಯಾಕ್ಕೆ ಪ್ರತಿಜೀವಕ, ಸೆಳೆತಕ್ಕೆ ಮಾತ್ರೆ, ಕಣ್ಣು ಮೂಗುಗಳ ಶುಚಿ, ಹೀಗೆ ದೇಹ ತಾನೇ ಗೆಲ್ಲಲು ಆಸರೆ ಕೊಡುವುದಷ್ಟೇ ವೈದ್ಯರ ಕೈಯಲ್ಲಿರುವುದು. ಕೆಮ್ಮುವ ನಾಯಿಯನ್ನು ಉಳಿದವುಗಳಿಂದ ದೂರ ಕಟ್ಟಿ, ಅದರ ತಟ್ಟೆಯನ್ನು ಬೇರೆ ಮಾಡಿ, ಆರೋಗ್ಯವಂತ ಮರಿಗಳಿಗೆ ಉಣಿಸಿದ ಮೇಲೆಯೇ ಅದರ ಹತ್ತಿರ ಹೋಗಬೇಕು. ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಬೇಕು. ಮನೆಯಲ್ಲಿರುವ ಮನುಷ್ಯರ ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪುಗಳನ್ನು ಅಂದಾಜಿನ ಮೇಲೆ ಕೊಡಬಾರದು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತಿಗೆ ವಿಷವಾಗುತ್ತದೆ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಮುಧೋಳ ಸೀಮೆಗೆ ಮರಿ ಕೊಳ್ಳಲು ಬರುವವರು ಕಿವಿ, ಬಾಲ, ಕಾಲಿನ ಉದ್ದ ನೋಡುವ ಮೊದಲು ತಾಯಿನಾಯಿಗೆ ಲಸಿಕೆ ಆಗಿದೆಯೇ ಎಂದು ವಿಚಾರಿಸಬೇಕು, ಚೀಟಿ ಅಂಟಿಸಿದ ಕಾರ್ಡನ್ನು ಕೇಳಿ ಪಡೆಯಬೇಕು, ಎಂಟು ವಾರ ತುಂಬದ ಮರಿಯನ್ನು ಕಡಿಮೆ ಬೆಲೆಗೆ ಕೊಟ್ಟರೂ ಒಯ್ಯಬಾರದು. ಒಯ್ದ ಮರಿಗೆ ಹದಿನಾರನೆಯ ವಾರದ ಡೋಸು ಮುಗಿಯುವ ತನಕ ಅದನ್ನು ಬೀದಿಗೂ ನಾಯಿಗಳ ಪ್ರದರ್ಶನಕ್ಕೂ ಬಿಡಬಾರದು.